ಬೈಪಾಸ್ ವಾಲ್ವ್ ಕೊನೆಗೂ ಮಾತು ಕೇಳಿತು

ನನ್ನ ಸೂಪರ್‌ಚಾರ್ಜರ್ ಕಾರಿನ ಜರ್ಕ್ ಪೂರ್ತಿ ಹೋಯಿತು! 3000 ಆರ್‌ಪಿಎಂ ಹತ್ತಿರ, ಸಣ್ಣ ಏರಿನಲ್ಲಿ ಪೆಡಲ್ ಕಾಲುಭಾಗ ಒತ್ತಿದ್ದಾಗ ಯಾರೋ ಹಿಂದಿನಿಂದ ತಳ್ಳಿ ತಕ್ಷಣ ಹಿಡಿದೆಳೆದ ಹಾಗೆ ಕಾರು ಆಡುತ್ತಿತ್ತು. ಈಗ ಅದೇ ಏರಿನಲ್ಲಿ ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ) ಯಾವಾಗ ಶುರುವಾಯಿತು ಅಂತ ಗೇಜ್ ನೋಡಿಯೇ ಹೇಳಬೇಕು.

ಸೆಟಪ್ ಹಳೆಯದೇ. 1.8 ಲೀಟರ್ ಎಂಜಿನ್, ಅದರ ಬೆಲ್ಟ್‌ನಿಂದ ತಿರುಗಿ ಗಾಳಿ ತಳ್ಳುವ ಈಟನ್ ಎಂ62 ಸೂಪರ್‌ಚಾರ್ಜರ್, ಅಂದರೆ ಬ್ಲೋವರ್. ಗಾಳಿಯ ದಾರಿಯಲ್ಲಿ ಮೊದಲು ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್, ಆಮೇಲೆ ಪೆಡಲ್ ತೆರೆಯುವ ಥ್ರಾಟಲ್, ಆಮೇಲೆ ಬ್ಲೋವರ್, ಗಾಳಿ ತಣಿಸುವ ಇಂಟರ್‌ಕೂಲರ್, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್. ಬ್ರಾಕೆಟ್, ಪುಲ್ಲಿ, ಬೆಲ್ಟ್ ಅಲೈನ್‌ಮೆಂಟ್ ಎಲ್ಲ ಮುಗಿದಿದೆ.

ಎಂ62 ಒಂದು ಸುತ್ತಿಗೆ ಸುಮಾರು 1 ಲೀಟರ್ ಗಾಳಿ ತಳ್ಳುತ್ತದೆ. ಎಂಜಿನ್ ಕೇಳಲಿ ಬಿಡಲಿ, ತಳ್ಳುತ್ತಲೇ ಇರುತ್ತದೆ. ಬೇಡದ ಗಾಳಿ ಬ್ಲೋವರ್ ಬಾಯಿಗೇ ವಾಪಸ್ ಹೋಗಬೇಕು, ಬೈಪಾಸ್ ಇರುವುದೇ ಅದಕ್ಕೆ. ಬೂಸ್ಟ್ ಗಾಳಿಯನ್ನು ಹೊರಗೆ ಬಿಡುವ ವಾಲ್ವ್ ಹಾಕಿಕೊಳ್ಳಿ, ಸದ್ದು ಚೆನ್ನಾಗಿರುತ್ತೆ ಅಂತ ಒಬ್ಬ ಮಾರಾಟಗಾರ ಬಹಳ ಒತ್ತಾಯ ಮಾಡಿದ. ಈ ಸೆಟಪ್‌ನಲ್ಲಿ ಅದು ಆಗದ ಮಾತು. ಸೆನ್ಸರ್ ಅಳೆದ ಗಾಳಿ ಹೊರಗೆ ಹೋದರೆ ಮಿಶ್ರಣ ರಿಚ್ ಆಗುತ್ತದೆ, ಅಂದರೆ ಇಂಧನ ಜಾಸ್ತಿಯಾಗುತ್ತದೆ. ಮ್ಯಾನಿಫೋಲ್ಡ್ ವ್ಯಾಕ್ಯೂಮ್‌ನಲ್ಲಿದ್ದಾಗ ಅದೇ ವಾಲ್ವ್ ತೆರೆದರೆ ಅಳೆಯದ ಗಾಳಿ ಒಳಗೆ ಬರುತ್ತದೆ.

ಇನ್ನು ಜರ್ಕ್ ವಿಷಯ. ಕಿಟ್ ಜೊತೆ ಬಂದ ಚಿತ್ರದಲ್ಲಿ ಬೈಪಾಸ್ ವಾಲ್ವನ್ನು ವ್ಯಾಕ್ಯೂಮ್‌ನಿಂದ ತೆರೆದು ಸ್ಪ್ರಿಂಗ್‌ನಿಂದ ಮುಚ್ಚುವ ಆಕ್ಚುಯೇಟರ್‌ನ ವ್ಯಾಕ್ಯೂಮ್ ಹೋಸ್ ಮ್ಯಾನಿಫೋಲ್ಡ್‌ಗೆ ಹೋಗಿತ್ತು. ಎರಡು ಗೇಜ್ ಕಟ್ಟಿದೆ. ಒಂದು ಥ್ರಾಟಲ್ ಮತ್ತು ಬ್ಲೋವರ್ ನಡುವೆ, ಇನ್ನೊಂದು ಮ್ಯಾನಿಫೋಲ್ಡ್‌ನಲ್ಲಿ. ನಿಧಾನಕ್ಕೆ ಪೆಡಲ್ ಒತ್ತುತ್ತಾ ಹೋದರೆ ಎರಡು ಮುಳ್ಳೂ ಜೊತೆಜೊತೆಗೆ ಏರುತ್ತವೆ. ಮ್ಯಾನಿಫೋಲ್ಡ್ ಮುಳ್ಳು -0.15 ಬಾರ್ ದಾಟಿದ್ದೇ ತಡ, ಟಕ್ಕಂತ +0.2ಕ್ಕೆ ಹಾರುತ್ತದೆ. ಅದೇ ಗಳಿಗೆಯಲ್ಲಿ ಥ್ರಾಟಲ್ ಮತ್ತು ಬ್ಲೋವರ್ ನಡುವಿನ ಮುಳ್ಳು ಕೆಳಗೆ ಬೀಳುತ್ತದೆ. ಎಲ್ಲ ಅರ್ಥವಾಗಿದ್ದು ಈ ನಡುವಿನ ಮುಳ್ಳಿನಿಂದ.

ಸಿಗ್ನಲ್ ಮ್ಯಾನಿಫೋಲ್ಡ್‌ನಿಂದ ಬಂದರೆ ಏನಾಗುತ್ತದೆ ನೋಡಿ. ವಾಲ್ವ್ ಒಂಚೂರು ಮುಚ್ಚುತ್ತದೆ. ಮ್ಯಾನಿಫೋಲ್ಡ್ ಒತ್ತಡ ಏರುತ್ತದೆ, ಅಂದರೆ ಡಯಾಫ್ರಂ ಎಳೆಯುವ ವ್ಯಾಕ್ಯೂಮ್ ಕಡಿಮೆಯಾಗುತ್ತದೆ. ಸ್ಪ್ರಿಂಗ್ ಇನ್ನಷ್ಟು ಮುಚ್ಚುತ್ತದೆ, ಒತ್ತಡ ಇನ್ನಷ್ಟು ಏರುತ್ತದೆ. ನಡುವೆ ನಿಲ್ಲುವ ಜಾಗವೇ ಇಲ್ಲ. ಬೆಚ್ಚಿ ಪೆಡಲ್ ಸ್ವಲ್ಪ ಬಿಟ್ಟರೆ ಅಷ್ಟೇ ಜೋರಾಗಿ ತೆರೆದುಕೊಳ್ಳುತ್ತದೆ.

ಅದೇ ಹೋಸ್ ಥ್ರಾಟಲ್ ಮತ್ತು ಬ್ಲೋವರ್ ನಡುವಿಗೆ ಹಾಕಿ. ಈಗ ವಾಲ್ವ್ ಮುಚ್ಚಲು ಹೋದರೆ ವಾಪಸ್ ಬರುವ ಗಾಳಿ ಕಡಿಮೆಯಾಗುತ್ತದೆ, ಬ್ಲೋವರ್ ಆ ಜಾಗವನ್ನೇ ಜಾಸ್ತಿ ಹೀರುತ್ತದೆ. ಅಲ್ಲಿ ವ್ಯಾಕ್ಯೂಮ್ ಹೆಚ್ಚಿ ಡಯಾಫ್ರಂ ವಾಲ್ವನ್ನು ಮತ್ತೆ ಎಳೆದು ತೆರೆಯುತ್ತದೆ. ಅರ್ಧ ತೆರೆದು ಅಲ್ಲೇ ನಿಲ್ಲುತ್ತದೆ. ಪೆಡಲ್ ಪೂರ್ತಿ ಒತ್ತಿದಾಗ ಮಾತ್ರ ಆ ವ್ಯಾಕ್ಯೂಮ್ ಹೋಗಿ ವಾಲ್ವ್ ಮುಚ್ಚುತ್ತದೆ. ಬದಲಾಗಿದ್ದು ಒಂದು ಹೋಸ್, ಒಂದು ನಿಪ್ಪಲ್. ವಾಲ್ವ್ ಎಲ್ಲಿರಬೇಕು ಅಂತ ಎಲ್ಲರೂ ವಾದ ಮಾಡುತ್ತೇವೆ, ಅದಕ್ಕೆ ಸುದ್ದಿ ಎಲ್ಲಿಂದ ಬರಬೇಕು ಅಂತ ಯಾರೂ ಕೇಳುವುದಿಲ್ಲ ಅಲ್ವಾ?

ಒಂದು ಎಚ್ಚರಿಕೆ. ಕೈ ಪಂಪ್ ಹಾಕಿ ನೋಡಿದರೆ ನನ್ನ ಆಕ್ಚುಯೇಟರ್ ಸುಮಾರು 10 ಕಿಲೋಪಾಸ್ಕಲ್‌ಗೆ ಅಲುಗಾಡುತ್ತದೆ, 25ಕ್ಕೆ ಪೂರ್ತಿ ತೆರೆಯುತ್ತದೆ. ಏರ್ ಫಿಲ್ಟರ್ ಚಿಕ್ಕದಾಗಿದ್ದರೆ ಪೂರ್ತಿ ಥ್ರಾಟಲ್‌ನಲ್ಲೂ ಬ್ಲೋವರ್ ಮುಂದೆ ಅಷ್ಟು ವ್ಯಾಕ್ಯೂಮ್ ಉಳಿಯಬಹುದು. ಆಗ ಬೂಸ್ಟ್ ಸುಮ್ನೆ ಸೋರಿಹೋಗುತ್ತದೆ. ನನ್ನದರಲ್ಲಿ 6 ಇತ್ತು. ದೊಡ್ಡ ಫಿಲ್ಟರ್ ಹಾಕಿದ ಮೇಲೆ 3.

ಆಕ್ಚುಯೇಟರ್ ತರಿಸುವುದೇ ಒಂದು ಯುದ್ಧ. ಮೊದಲು ಬಂದದ್ದರ ಸ್ಪ್ರಿಂಗ್ ಎಷ್ಟು ಗಟ್ಟಿ ಎಂದರೆ ಐಡಲ್‌ನಲ್ಲೂ ವಾಲ್ವ್ ಪೂರ್ತಿ ತೆರೆಯುತ್ತಿರಲಿಲ್ಲ. ಕೇಳಿದರೆ ‘ಎಲ್ಲ ಒಂದೇ ಸರ್’ ಎಂಬ ಉತ್ತರ. ಅದೇ ಡಬ್ಬಿಯಲ್ಲಿ ಬಂದ ಸಿಲಿಕಾನ್ ಬೆಂಡ್ ಒಳಗೆ ಒಂದು ಪದರ ಬಟ್ಟೆಯೂ ಇಲ್ಲ. ಬಾನೆಟ್ ತೆಗೆದು ಥ್ರಾಟಲ್ ತಿರುಗಿಸಿ ಬಿಟ್ಟರೆ ಬೆಂಡ್‌ನ ಹೊಟ್ಟೆ ಒಳಗೆ ಎಳೆದುಕೊಂಡು ಚಪ್ಪಟೆಯಾಗುವುದು ಕಣ್ಣಿಗೇ ಕಾಣುತ್ತಿತ್ತು. ವಾಪಸ್ ಪೈಪ್‌ನ ಬ್ಲೋವರ್ ಬಾಯಿ ಕಡೆಯ ತುದಿ ಯಾವಾಗಲೂ ವ್ಯಾಕ್ಯೂಮ್‌ನಲ್ಲೇ ಇರುತ್ತದೆ, ಒಳಗೆ ತಂತಿ ಇರುವ ಹೋಸೇ ಬೇಕು. ಮಾರುವವರಿಗೆ ಇದು ಗೊತ್ತಿರಬೇಕಲ್ಲವೇ?

ವಾಲ್ವ್ ಜಾಗವನ್ನೂ ಬದಲಿಸಿದೆ, ಆದರೆ ಜರ್ಕ್ ನಿಂತ ಮೇಲೆ, ಬೇರೆ ಕಾರಣಕ್ಕೆ. ಮೊದಲು ಗಾಳಿಯನ್ನು ಬ್ಲೋವರ್ ಪಕ್ಕದಿಂದಲೇ ತೆಗೆಯುತ್ತಿದ್ದೆ. ವಾಲ್ವ್ ಅರ್ಧ ತೆರೆದಿರುವಾಗ ಅದೇ ಬಿಸಿ ಗಾಳಿ ಸುತ್ತಿ ಸುತ್ತಿ ಮತ್ತೆ ಒತ್ತಿಸಿಕೊಂಡು ಇನ್ನೂ ಬಿಸಿಯಾಗುತ್ತದೆ. ಈಗ ಇಂಟರ್‌ಕೂಲರ್ ದಾಟಿದ ಮೇಲೆ ತೆಗೆಯುತ್ತೇನೆ. ಪೈಪ್ ಉದ್ದವಾಯಿತು, ಪೆಡಲ್ ಬಿಟ್ಟಾಗ ಒತ್ತಡ ಇಳಿಯುವುದು ಒಂಚೂರು ತಡ. ತಣ್ಣನೆ ಗಾಳಿಗೆ ಆ ಬೆಲೆ ಕೊಡಬಹುದು. ಟ್ವಿನ್ ಸ್ಕ್ರೂ ಬಗೆಯ ಬ್ಲೋವರ್ ಇಟ್ಟವರಿಗೆ ಇದು ಇನ್ನೂ ಮುಖ್ಯ. ಅದು ಗಾಳಿಯನ್ನು ತನ್ನೊಳಗೇ ಒತ್ತುವುದರಿಂದ ಬೈಪಾಸ್ ತೆರೆದಿದ್ದರೂ ಬಿಸಿ ಮಾಡುತ್ತದೆ.

ಈ ನಡುವೆ ತಲೆ ಟೊಯೋಟಾದ ಎಸ್‌ಸಿ12 ಕಡೆ ಓಡಿದೆ. 4ಎ-ಜಿಝಡ್‌ಇ ಎಂಜಿನ್‌ನಲ್ಲಿ ಬರುತ್ತಿದ್ದ ಬ್ಲೋವರ್, ಪುಲ್ಲಿಯಲ್ಲೇ ವಿದ್ಯುತ್ ಕ್ಲಚ್! ಬೂಸ್ಟ್ ಬೇಡದಾಗ ರೋಟರ್ ತಿರುಗುವುದೇ ಇಲ್ಲ. ಆಗ ಎಂಜಿನ್‌ನ ಅಷ್ಟೂ ಗಾಳಿ ಬೈಪಾಸ್‌ನಲ್ಲೇ ಹೋಗಬೇಕು, ಪೈಪ್ ದಪ್ಪ ಬೇಕು. ಕ್ಲಚ್ ಹಿಡಿಯುವ ಕ್ಷಣಕ್ಕೂ ವಾಲ್ವ್ ಮುಚ್ಚುವ ಕ್ಷಣಕ್ಕೂ ಹೊಂದಿಕೆ ಹೇಗೆ? ವ್ಯಾಕ್ಯೂಮ್ ಡಯಾಫ್ರಂ ಸಾಕೋ, ಮೋಟಾರ್ ತಿರುಗಿಸುವ ತಟ್ಟೆ ವಾಲ್ವ್, ಅಂದರೆ ಬಟರ್‌ಫ್ಲೈ ಬೇಕೋ? ಮಾಡಿದವರಿದ್ದರೆ ಹೇಳಿ.

ಅದಕ್ಕೂ ಮೊದಲು ಇಲ್ಲೊಂದು ಬಾಕಿ ಇದೆ. ಪೂರ್ತಿ ಥ್ರಾಟಲ್‌ನಲ್ಲಿ 0.55 ಬಾರ್ ಬರಬೇಕು, 0.52ಕ್ಕೆ ನಿಲ್ಲುತ್ತಿದೆ. ಬೈಪಾಸ್ ವಾಲ್ವ್‌ನ ಬಟರ್‌ಫ್ಲೈ ಶಾಫ್ಟ್ ಪಕ್ಕದಲ್ಲಿ ಸೋಪು ನೀರು ಗುಳ್ಳೆ ಬಿಡುತ್ತಿದೆ. ಈ ವಾರ ಸೀಲ್ ಬದಲಿಸುತ್ತೇನೆ.