ಗಾರ್ಸಿಯಾ ನಿಂತ ಜಾಗದಲ್ಲಿ ಟ್ರೇ

ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್‌ಗೆ 2015ರಲ್ಲಿ 50 ತುಂಬಿತು. ತಂಡದ ಜೀವಾಳವಾಗಿದ್ದ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತೀರಿಕೊಂಡು ಅಷ್ಟರಲ್ಲಿ 20 ವರ್ಷವಾಗಿತ್ತು. ಅವರು ತಂಡದ ಜೊತೆ ಕಡೆಯ ಸಲ ನುಡಿಸಿದ್ದು 1995ರ ಜುಲೈ 9ರಂದು, ಷಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ. ಉಳಿದ ನಾಲ್ವರು ಹಿರಿಯರು ಮೂರು ರಾತ್ರಿ ನುಡಿಸಿ ವಿದಾಯ ಹೇಳಲು ಬಂದದ್ದೂ ಅಲ್ಲಿಗೇ. ಗಾರ್ಸಿಯಾ ಜಾಗಕ್ಕೆ ಅತಿಥಿಯಾಗಿ ಕರೆದದ್ದು ಫಿಶ್ ಎಂಬ ಇನ್ನೊಂದು ರಾಕ್ ತಂಡದ ಗಿಟಾರ್ ವಾದಕ ಟ್ರೇ ಅನಸ್ಟಾಸಿಯೋ ಅವರನ್ನು. ಹಳೆಯ ಅಭಿಮಾನಿಗಳಲ್ಲಿ ಅನೇಕರಿಗೆ ಇದು ಒಪ್ಪಿಗೆಯಾಗಿರಲಿಲ್ಲ.

ಜುಲೈ 3, ಶುಕ್ರವಾರ. ಕೆಲಸ ಮುಗಿಸಿ ಹೋದಾಗ ಕ್ರೀಡಾಂಗಣದ ಹೊರಗೆ ಟಿಕೆಟ್ ಸಿಗದವರು ಒಂದು ಬೆರಳು ಮೇಲೆತ್ತಿಕೊಂಡು ನಿಂತಿದ್ದರು, ಯಾರಾದರೂ ಪುಣ್ಯಾತ್ಮರು ಹೆಚ್ಚಿಗೆ ಇರುವ ಟಿಕೆಟ್ ಕೊಟ್ಟಾರೆಂದು. ಡೆಡ್ ಅಭಿಮಾನಿಗಳಲ್ಲಿ ಇದು ಹಳೆಯ ರೂಢಿ. ಒಳಗೆ ಕಾಲಿಡಲು ಜಾಗವಿಲ್ಲ.

ಮೊದಲ ಹಾಡು ‘ಬಾಕ್ಸ್ ಆಫ್ ರೇನ್’. 1995ರ ಆ ರಾತ್ರಿ ಇದೇ ಮೈದಾನದಲ್ಲಿ ಅವರು ಮುಗಿಸಿದ್ದು ಇದೇ ಹಾಡಿನಿಂದ. ತಂಡದ ಬಾಸ್ ಗಿಟಾರ್ ವಾದಕ ಫಿಲ್ ಲೆಶ್ ದನಿ ಎತ್ತುತ್ತಿದ್ದಂತೆ ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡರು. ಟ್ರೇ ಮಾತ್ರ ಮಿತವಾಗಿ ನುಡಿಸುತ್ತಿದ್ದರು. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬಂದವರು, ಆದರೂ ಮುನ್ನುಗ್ಗಲಿಲ್ಲ. ಹಿರಿಯ ವಿದ್ವಾಂಸರಿಗೆ ಮೊದಲ ಸಲ ಪಕ್ಕವಾದ್ಯಕ್ಕೆ ಕೂತವರ ಭಯಭಕ್ತಿ ಅದು.

ದ್ವಿತೀಯಾರ್ಧದಲ್ಲಿ ‘ಸ್ಕಾರ್ಲೆಟ್ ಬಿಗೋನಿಯಾಸ್’ ಬಂತು, ಅದರ ಬಾಲ ಹಿಡಿದು ‘ಫೈರ್ ಆನ್ ದಿ ಮೌಂಟನ್’. ಈ ಎರಡನೆಯದರಲ್ಲಿ ಇರುವುದು ಎರಡೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ), ಬಿ ಮತ್ತು ಎ. ಹಾಗಾಗಿ ಎಲ್ಲವೂ ಗಿಟಾರ್‌ನವರ ಮನೋಧರ್ಮದ ಮೇಲೆ ನಿಂತಿದೆ. ಸರಕಿಲ್ಲದವರು ಮೂರೇ ನಿಮಿಷದಲ್ಲಿ ಬರಿದಾಗುತ್ತಾರೆ. ಟ್ರೇ ಒಂದು ಸಣ್ಣ ಪಲುಕು ಹಿಡಿದರು, ಲೆಶ್ ಅವರ ಬಾಸ್ ಉತ್ತರಿಸುವವರೆಗೆ ಕಾದರು, ಅದರ ಬಾಲಕ್ಕೆ ಇನ್ನೆರಡು ಸ್ವರ ಸೇರಿಸಿದರು. ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ತಾರಸ್ಥಾಯಿಯ ಒಂದು ಸ್ವರದಲ್ಲಿ ನಿಂತೇಬಿಟ್ಟಾಗ ಇಡೀ ಮೈದಾನ ಕೂಗಿಕೊಂಡಿತು. ಗಾರ್ಸಿಯಾ ನುಡಿಕಟ್ಟು ಅಲ್ಲಲ್ಲಿ ಇಣುಕುತ್ತಿತ್ತು, ಆದರೆ ನಕಲು ಅನ್ನಿಸಲಿಲ್ಲ, ಮಾತು ಟ್ರೇಯದೇ. ಅತಿಥಿಯೊಬ್ಬರು ಸತ್ತವರ ಜಾಗಕ್ಕೆ ಬಂದು ಇಷ್ಟು ಮರ್ಯಾದೆಯಿಂದ, ಇಷ್ಟು ಧೈರ್ಯದಿಂದ ನುಡಿಸಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆ ಹಾಡು ನನಗೆ ಹತ್ತಿರವಾಗಲು ಇನ್ನೊಂದು ಕಾರಣವಿದೆ. ಅದರ ಹಳೆಯ, ಸಾಹಿತ್ಯವಿಲ್ಲದ ರೂಪವೊಂದು ಇರುವುದು ತಂಡದ ಡ್ರಮ್ಮರ್ ಮಿಕ್ಕಿ ಹಾರ್ಟ್, ನಮ್ಮ ಝಾಕೀರ್ ಹುಸೇನ್ ಕೂಡಿ 1976ರಲ್ಲಿ ಹೊರತಂದ ‘ಡೀಗಾ’ ಆಲ್ಬಮ್‌ನಲ್ಲಿ. ಅಲ್ಲಿ ತಾಳವಾದ್ಯಗಳ ಮೇಲೆ ಕಟ್ಟಿದ್ದ ಗತ್ತೇ ಡೆಡ್ ತಂಡದ ಹಾಡಿನಲ್ಲೂ ಇದೆ. ಅಂದು ವೇದಿಕೆಯ ಹಿಂಬದಿಯಲ್ಲಿ ಹಾರ್ಟ್ ಮತ್ತು ತಂಡದ ಇನ್ನೊಬ್ಬ ಡ್ರಮ್ಮರ್ ಬಿಲ್ ಕ್ರೂಟ್ಸ್‌ಮನ್ ಜೋಡಿ ಬಾರಿಸುತ್ತಿದ್ದಾಗ ನನ್ನ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಉಳಿದೆರಡು ರಾತ್ರಿಗಳನ್ನು ಮನೆಯಲ್ಲಿ ನೇರಪ್ರಸಾರದಲ್ಲಿ ನೋಡಿದೆ. ಭಾನುವಾರದ ಕಛೇರಿಯೇ ಮೇಲು ಎನ್ನುವ ಗೆಳೆಯರಿದ್ದಾರೆ. ನನ್ನ ಓಟು ಶುಕ್ರವಾರಕ್ಕೆ.