ಸೋಲಾರ್ ದೀಪಕ್ಕೆ ನಾಲ್ಕು ವರ್ಷ ಆದಮೇಲೆ

ಕರೆಂಟ್ ಇಲ್ಲದ ಮನೆಗಳಿಗೆ ಸೋಲಾರ್ ದೀಪ ಕೊಟ್ಟ ಸುದ್ದಿ ಬಂದಾಗಲೆಲ್ಲ ಅದೇ ಫೋಟೊ. ಚಾವಣಿ ಮೇಲೆ ಹೊಳೆಯುವ ಪ್ಯಾನೆಲ್, ಒಳಗೆ ಬಲ್ಬಿನ ಕೆಳಗೆ ಓದುತ್ತಾ ಕೂತ ಮಗು. ಫೋಟೊ ಸುಳ್ಳು ಅಂತ ಹೇಳ್ತಿಲ್ಲ. ಆದರೆ ನನಗೆ ಬೇಕಿರುವುದು ಅದೇ ಮನೆಯ ನಾಲ್ಕು ವರ್ಷದ ನಂತರದ ಫೋಟೊ, ಅದನ್ನು ಯಾರೂ ತೆಗೆಯಲ್ಲ.

ದೀಪ ಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಇಲ್ಲ. 2022ರ ಲೆಕ್ಕದಲ್ಲೂ ಜಗತ್ತಿನಲ್ಲಿ 68 ಕೋಟಿಗೂ ಜಾಸ್ತಿ ಜನರಿಗೆ ಕರೆಂಟ್ ಇರಲಿಲ್ಲ. ಇಂಥ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಸೀಮೆಎಣ್ಣೆ ಬುಡ್ಡಿಯೇ ಗತಿ. ಬುಡ್ಡಿಯಲ್ಲಿ ಉರಿಯುವ ಎಣ್ಣೆಯ ನೂರಕ್ಕೆ 7ರಿಂದ 9 ಭಾಗ ಬರೀ ಮಸಿಯಾಗಿ ಗಾಳಿಗೆ ಸೇರುತ್ತದೆ ಅಂತ 2012ರಲ್ಲಿ ಅಳೆದು ತೋರಿಸಿದ್ದಾರೆ. ಆ ಮಸಿ ಹೋಗುವುದು ದೀಪದ ಪಕ್ಕ ಕೂತವರ ಎದೆಗೇ.

ಇನ್ನು ಸೋಲಾರ್ ವಿಷಯ. ಪ್ಯಾನೆಲ್ 25 ವರ್ಷ ಆರಾಮಾಗಿ ಬಾಳುತ್ತದೆ, ಆಗಾಗ ಧೂಳು ಒರೆಸಿ, ಮರದ ನೆರಳು ಬೀಳದಂತೆ ನೋಡಿಕೊಂಡರೆ ಸಾಕು. ಎಲ್‌ಇಡಿ ಬಲ್ಬೂ ಅಷ್ಟು ಸುಲಭಕ್ಕೆ ಹೋಗಲ್ಲ. ಕೈ ಕೊಡುವುದು ಬ್ಯಾಟರಿ. ಸೀಸದ ಬ್ಯಾಟರಿ ಆದರೆ ಚೆನ್ನಾಗಿ ನೋಡಿಕೊಂಡರೂ ಮೂರರಿಂದ ಐದು ವರ್ಷ, ನೋಡಿಕೊಳ್ಳದಿದ್ದರೆ ಒಂದೂವರೆ ವರ್ಷಕ್ಕೇ ಕಥೆ ಮುಗಿಯಬಹುದು.

ಒಂದು ಸಣ್ಣ ಮನೆಯ ಲೆಕ್ಕ ಹಾಕೋಣ. 5 ವ್ಯಾಟಿನ ಮೂರು ಬಲ್ಬು ರಾತ್ರಿ ನಾಲ್ಕು ಗಂಟೆ ಉರಿದರೆ 60 ವ್ಯಾಟ್-ಅವರ್, ಅಂದರೆ ವ್ಯಾಟನ್ನು ಗಂಟೆಯಿಂದ ಗುಣಿಸಿದ ಲೆಕ್ಕ. ಮೊಬೈಲ್ ಚಾರ್ಜಿಗೆ ಇನ್ನೊಂದು 10 ಸೇರಿಸಿ, ಒಟ್ಟು 70. 12 ವೋಲ್ಟಿನ 40 ಆಂಪಿಯರ್-ಅವರ್ ಬ್ಯಾಟರಿಯಲ್ಲಿ, 12ನ್ನು 40ರಿಂದ ಗುಣಿಸಿದರೆ, 480 ವ್ಯಾಟ್-ಅವರ್ ಇರುತ್ತದೆ, ಆದರೆ ಅದು ಬಾಳಿಕೆ ಬರಬೇಕು ಅಂದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು. ಅಲ್ಲಿಗೆ ಕೈಗೆ ಸಿಗುವುದು 240. ಅಂದರೆ ಮೂರು ದಿನ ಮೋಡ ಕವಿದರೂ ದೀಪ ಉರಿಯುತ್ತದೆ. ಚೆಂದದ ಲೆಕ್ಕ ಅಲ್ವಾ? ಆಮೇಲೆ ಯಾರೋ ಒಂದು ಪುಟ್ಟ ಫ್ಯಾನ್ ತರುತ್ತಾರೆ. ಪಕ್ಕದ ಮನೆಯವರ ಮೊಬೈಲೂ ಚಾರ್ಜಿಗೆ ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹೇಳುವುದು ಸುಲಭ. ಆದರೆ ಇಷ್ಟು ವರ್ಷ ಕತ್ತಲಲ್ಲಿ ಇದ್ದವರಿಗೆ ಫ್ಯಾನ್ ಹಾಕಬೇಡಿ ಅನ್ನೋಕೆ ನನಗಂತೂ ಬಾಯಿ ಬರಲ್ಲ. ಮೊದಲೇ ಕೇಳಿ ತಿಳಿದುಕೊಂಡು ಸ್ವಲ್ಪ ದೊಡ್ಡ ಬ್ಯಾಟರಿ, ಅದಕ್ಕೆ ತಕ್ಕ ಪ್ಯಾನೆಲ್ ಹಾಕಬೇಕಿತ್ತು, ಅಷ್ಟೇ.

ಈಗ ಗೋಡೆ ಮೇಲಿನ ಸಣ್ಣ ಡಬ್ಬಿ ನೋಡಿ, ಚಾರ್ಜ್ ಕಂಟ್ರೋಲರ್. ಬ್ಯಾಟರಿ 11 ವೋಲ್ಟ್ ಹತ್ತಿರಕ್ಕೆ ಇಳಿದರೆ ಕೆಂಪು ದೀಪ ಹೊತ್ತಿಸಿ ಬಲ್ಬುಗಳನ್ನು ಆಫ್ ಮಾಡಿಬಿಡುತ್ತದೆ. ಬ್ಯಾಟರಿ ಉಳಿಸೋಕೆ ಅಂತಲೇ ಹಾಗೆ ಮಾಡಿರುವುದು. ಆದರೆ ಮನೆಯವರ ಕಣ್ಣಿಗೆ ಅದು ಕೆಟ್ಟುಹೋದ ಡಬ್ಬಿ. ಎರಡು ವೈರು ಕಿತ್ತು ಸೀದಾ ಬ್ಯಾಟರಿಯ ಟರ್ಮಿನಲ್ಲಿಗೆ ಸುತ್ತುತ್ತಾರೆ, ಬಲ್ಬು ಉರಿಯುತ್ತದೆ, ಎಲ್ಲರಿಗೂ ಖುಷಿ. ಹೀಗೆ ದಿನಾ ತಳದವರೆಗೆ ಖಾಲಿ ಮಾಡಿದರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಬಿಸಿಲು ಬಿದ್ದರೂ ಬ್ಯಾಟರಿ ಚಾರ್ಜ್ ಹಿಡಿಯಲ್ಲ. ಕೆಂಪು ದೀಪ ಅಂದರೆ ಏನು ಅಂತ ಹತ್ತು ನಿಮಿಷ ಕೂತು ಹೇಳಿದ್ದರೆ ಆ ಬ್ಯಾಟರಿ ಇನ್ನೆರಡು ವರ್ಷ ಬದುಕುತ್ತಿತ್ತೇನೋ. ಅದೂ ಮನೆಯ ಯಜಮಾನರಿಗೆ ಮಾತ್ರ ಹೇಳಿದರೆ ಸಾಲದು, ಸಂಜೆ ಸ್ವಿಚ್ ಹಾಕುವವರಿಗೆ ಹೇಳಬೇಕು.

ವೈರಿನದ್ದೂ ಇದೇ ಕಥೆ. 20 ವ್ಯಾಟಿಗೆ ಮಾಮೂಲಿ ಮನೆ ಕರೆಂಟಿನ 230 ವೋಲ್ಟಿನಲ್ಲಿ 0.1 ಆಂಪಿಯರ್ ಕೂಡ ಬೇಕಾಗಲ್ಲ, ಸೋಲಾರಿನ 12 ವೋಲ್ಟಿನಲ್ಲಿ ಹತ್ತಿರ ಹತ್ತಿರ 1.7 ಬೇಕು. ಆಂಪಿಯರ್ ಜಾಸ್ತಿ ಆದಷ್ಟೂ ವೈರು ದಪ್ಪ ಇರಬೇಕು. ದುಡ್ಡು ಉಳಿಸೋಕೆ ಸಣ್ಣ ವೈರು ಎಳೆದರೆ ದೂರದ ಕೋಣೆಯ ಬಲ್ಬು ಮಂಕಾಗಿ ಉರಿಯುತ್ತದೆ, ಬೈಗುಳ ಮಾತ್ರ ಸೋಲಾರಿಗೆ.

ಪುಕ್ಕಟೆ ಕೊಟ್ಟಿದ್ದು ಬೇಗ ಮೂಲೆ ಸೇರುತ್ತದೆ ಅನ್ನುವ ಮಾತಿದೆ. ನನಗೆ ಅದು ಅರ್ಧ ನಿಜ ಅನಿಸುತ್ತದೆ. ಕೊಟ್ಟವರು ತಿರುಗಿ ಬರಲ್ಲ, ಮೂಲೆ ಸೇರೋಕೆ ಅದೇ ಕಾರಣ. ಬಾಂಗ್ಲಾದೇಶದಲ್ಲಿ 1996ರಲ್ಲಿ ಶುರುವಾದ ಗ್ರಾಮೀಣ್ ಶಕ್ತಿಯಂಥ ಸಂಸ್ಥೆಗಳು ಕಂತಿನ ಮೇಲೆ ಸೋಲಾರ್ ಕೊಟ್ಟವು. ಕಂತು ವಸೂಲಿಗೆ ಬಂದವರೇ ಬ್ಯಾಟರಿಯನ್ನೂ ನೋಡಿ ಹೋಗುತ್ತಿದ್ದರು. ಆ ದೇಶದಲ್ಲಿ 40 ಲಕ್ಷಕ್ಕೂ ಜಾಸ್ತಿ ಮನೆಗಳಿಗೆ ಸೋಲಾರ್ ಮುಟ್ಟಿದ್ದರಲ್ಲಿ ಈ ತಿರುಗಾಟದ ಪಾಲು ದೊಡ್ಡದು. ಕೆನ್ಯಾದ ಎಂ-ಕೋಪಾ ಕಂಪನಿ 2012ರಿಂದ ಮೊಬೈಲಲ್ಲೇ ದಿನದ ಕಂತು ಕಟ್ಟಿಸಿಕೊಳ್ಳುವ ದಾರಿ ಹಿಡಿಯಿತು. ದಿನಾ ದುಡಿದು ತಿನ್ನುವವರಿಗೆ ತಿಂಗಳ ಕಂತಿಗಿಂತ ಇದು ವಾಸಿ. ಆದರೆ ಕಂತು ತಪ್ಪಿದರೆ ದೂರದಿಂದಲೇ ಲಾಕ್ ಆಗಿ ದೀಪ ಆರುತ್ತದಲ್ಲ, ಅದು ನನಗೆ ಅಷ್ಟು ಹಿಡಿಸಲ್ಲ. ಕಾಯಿಲೆ ಬಿದ್ದ ವಾರವೇ ಮನೆ ಕತ್ತಲಾಗಬೇಕಾ?

ರಾಜಸ್ಥಾನದ ತಿಲೋನಿಯಾದ ಬೇರ್‌ಫುಟ್ ಕಾಲೇಜಿನವರು ಬೇರೆ ದಾರಿ ಹಿಡಿದರು. ಓದು ಬರಹ ಬಾರದ ಅಜ್ಜಿಯರನ್ನು ಬೇರೆ ಬೇರೆ ದೇಶಗಳಿಂದ ಕರೆಸಿ, ಬಣ್ಣ ಮತ್ತು ಕೈಸನ್ನೆಯಲ್ಲೇ ಸರ್ಕ್ಯೂಟ್ ಜೋಡಿಸೋದು, ರಿಪೇರಿ ಮಾಡೋದು ಕಲಿಸಿದರು. ಅಜ್ಜಿಯರೇ ಯಾಕೆ ಅಂದರೆ, ಕಲಿತ ಹುಡುಗರು ಕೆಲಸ ಹುಡುಕಿಕೊಂಡು ಪೇಟೆ ಸೇರುತ್ತಾರೆ, ಅಜ್ಜಿ ಊರಲ್ಲೇ ಇರುತ್ತಾಳೆ. ನನಗೆ ತುಂಬಾ ಇಷ್ಟವಾದ ಲೆಕ್ಕಾಚಾರ ಇದು.

ಈಗೀಗ ಸಣ್ಣ ಕಿಟ್‌ಗಳಲ್ಲಿ ಲಿಥಿಯಂ ಬ್ಯಾಟರಿ ಬರುತ್ತಿದೆ. ಹಗುರ, ಬಾಳಿಕೆಯೂ ಜಾಸ್ತಿ, ಡಿಸ್ಟಿಲ್ಡ್ ವಾಟರ್ ಹಾಕುವ ರಗಳೆ ಇಲ್ಲ. ಆದರೆ ಕೆಟ್ಟರೆ ಬಿಚ್ಚಿ ಸರಿಮಾಡುವವರು ಹಳ್ಳಿಯಲ್ಲಿ ಸಿಗುವುದು ಕಷ್ಟ. ಹಾಗಾಗಿ ಸೋಲಾರ್ ಕೊಡಿಸುವವರು ಯಾರೇ ಆಗಲಿ, ಮೊದಲ ದಿನದಿಂದಲೇ ಕಂತಿನ ಜೊತೆ ಸ್ವಲ್ಪ ಸ್ವಲ್ಪ ಮುಂದಿನ ಬ್ಯಾಟರಿಗೂ ಕೂಡಿಡಿಸುವುದು ಒಳ್ಳೆಯದು. ಹೊಸದು ಕೊಡುವಾಗ ಹಳೆಯ ಸೀಸದ ಬ್ಯಾಟರಿಯನ್ನು ವಾಪಸ್ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಅದು ಗುಜರಿಗೆ ಹೋಗುತ್ತದೆ, ಅಲ್ಲಿ ಯಾರೋ ಹಿತ್ತಲಲ್ಲಿ ಒಡೆದು ಸೀಸ ಕರಗಿಸುತ್ತಾರೆ, ಆ ಹೊಗೆ ಮತ್ತು ಧೂಳು ಅಲ್ಲೇ ಆಡುವ ಮಕ್ಕಳ ಮೈ ಸೇರಿ ಮೆದುಳಿಗೆ ಹಾನಿ ಮಾಡುತ್ತದೆ.