ಉಪವಾಸ ಮಾಡಿದರೆ ಕ್ಯಾನ್ಸರ್ ಕೋಶ ತನ್ನನ್ನೇ ತಿಂದುಕೊಂಡು ಸಾಯುತ್ತದಾ?

ಈ ಪ್ರಶ್ನೆ ನನಗೆ ಬರುವುದು ಹೀಗೆ: "ಹೊಟ್ಟೆಗಿಲ್ಲದಿದ್ದರೆ ಆಟೋಫಜಿ ಶುರುವಾಗುತ್ತದಂತೆ, ಕ್ಯಾನ್ಸರ್ ಕೋಶ ತನ್ನನ್ನೇ ತಿಂದುಕೊಂಡು ಸಾಯುತ್ತದಂತೆ. ಅದಕ್ಕೆ ನೊಬೆಲ್ ಕೂಡ ಬಂದಿದೆ ಅಲ್ವಾ?"

ನೊಬೆಲ್ ಬಂದಿದ್ದು ನಿಜ. 2016ರಲ್ಲಿ, ಜಪಾನಿನ ಯೊಶಿನೊರಿ ಓಸುಮಿ ಅವರಿಗೆ. ಆದರೆ ಅವರು ನೋಡಿದ್ದು ಕ್ಯಾನ್ಸರನ್ನಲ್ಲ, ಯೀಸ್ಟನ್ನು. ಯೀಸ್ಟ್ ಕೋಶದೊಳಗೆ ಹಳೆ ಸಾಮಾನು ಕರಗಿಸುವ ಒಂದು ಚೀಲವಿದೆ. ಕರಗಿಸುವ ಕಿಣ್ವಗಳೇ ಇಲ್ಲದ ಯೀಸ್ಟನ್ನು ತೆಗೆದುಕೊಂಡು ಉಪವಾಸ ಕೆಡವಿದರು. ಕೆಲವೇ ಗಂಟೆಗಳಲ್ಲಿ ಚೀಲದ ತುಂಬ ಪುಟ್ಟ ಪುಟ್ಟ ಗುಂಡುಗಳು ಓಡಾಡತೊಡಗಿದವು. ಒಳಗೆ ಬಂದದ್ದು ಕರಗದೆ ಉಳಿದಿದ್ದರಿಂದಲೇ ಅದು ಮೈಕ್ರೋಸ್ಕೋಪಿನಲ್ಲಿ ಕಣ್ಣಿಗೆ ಬಿತ್ತು.

ಯೀಸ್ಟ್ ಹಾಗೆ ಮಾಡಿದ್ದು ಬದುಕಲು, ಸಾಯಲು ಅಲ್ಲ. ಎಲ್ಲ ಗೊಂದಲ ಇರುವುದು ಇಲ್ಲೇ. 'ತನ್ನನ್ನೇ ತಿನ್ನುವುದು' ಎಂಬ ಅರ್ಥದ ಆಟೋಫಜಿ ಅನ್ನುವ ಹೆಸರು ಕೇಳಿ ಜನ ಆತ್ಮಹತ್ಯೆ ಅಂದುಕೊಳ್ಳುತ್ತಾರೆ. ಕೋಶ ಕೆಟ್ಟುಹೋದ ಭಾಗಗಳನ್ನು ಪೊರೆಯಲ್ಲಿ ಸುತ್ತಿ, ಕರಗಿಸಿ, ಸಿಕ್ಕಿದ ಅಮೈನೋ ಆಮ್ಲಗಳನ್ನು ಮತ್ತೆ ಬಳಸಿಕೊಳ್ಳುತ್ತದೆ, ಅಷ್ಟೆ.

ಆರೋಗ್ಯವಾಗಿರುವ ಕೋಶಕ್ಕೆ ಇದು ಒಳ್ಳೆಯದೇ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಕೆಟ್ಟು ಒಳಗೇ ಕೂತರೆ ಡಿಎನ್‌ಎಗೆ ಪೆಟ್ಟು ಬೀಳುತ್ತದೆ. ಆದರೆ ಗಡ್ಡೆಯ ನಡುವೆ ಸಿಕ್ಕಿಕೊಂಡ ಕ್ಯಾನ್ಸರ್ ಕೋಶವನ್ನು ನೆನೆಸಿಕೊಳ್ಳಿ. ರಕ್ತನಾಳ ದೂರ. ಆಕ್ಸಿಜನ್ ಕಮ್ಮಿ, ಊಟ ಕಮ್ಮಿ. ಅದೂ ಇದೇ ಉಪಾಯದಿಂದ ದಿನ ದೂಡುತ್ತದೆ.

ನನಗೆ ತುಂಬಾ ಹಿಡಿಸಿದ್ದು 2011ರ ಒಂದು ಇಲಿ ಪ್ರಯೋಗ. ಆಟೋಫಜಿಗೆ ಬೇಕಾದ ಜೀನ್ ತೆಗೆದುಹಾಕಿದಾಗ ಲಿವರ್‌ನಲ್ಲಿ ಗಡ್ಡೆಗಳೆದ್ದವು. ಅಂದರೆ ಆಟೋಫಜಿ ಕಾವಲು ಕಾಯುತ್ತಿತ್ತು. ಆದರೆ ಆ ಗಡ್ಡೆಗಳು ಕ್ಯಾನ್ಸರ್ ಆಗಲೇ ಇಲ್ಲ, ಸಾಧು ಗಡ್ಡೆಗಳಾಗಿಯೇ ಉಳಿದವು. ಮುಂದೆ ಬೆಳೆಯಲೂ ಆಟೋಫಜಿ ಬೇಕಿತ್ತೇನೋ! ಎರಡೂ ಮುಖ ಒಂದೇ ಇಲಿಯಲ್ಲಿ.

ಹಾಗಾಗಿ ಚಿಕಿತ್ಸೆಯಲ್ಲಿರುವವರು ವಿಡಿಯೋ ನೋಡಿ ಸುಮ್ನೆ ಊಟ ಬಿಡಬೇಡಿ. ತೂಕ ಇಳಿಯುವುದೇ ಅವರಿಗೆ ದೊಡ್ಡ ತಲೆನೋವು.

ತಮಾಷೆ ಅಂದರೆ, ವೈದ್ಯರು ಪರೀಕ್ಷಿಸುತ್ತಿರುವುದು ಜಾಸ್ತಿ ಇದರ ಉಲ್ಟಾ ದಾರಿಯನ್ನೇ: ಆಟೋಫಜಿಯನ್ನು ತಡೆಯುವುದು. ಅದಕ್ಕೆ ಬಳಸಿದ್ದು ಮಲೇರಿಯಾದ ಹಳೆ ಔಷಧಿ ಹೈಡ್ರಾಕ್ಸಿಕ್ಲೋರೋಕ್ವಿನ್. ಕರಗಿಸುವ ಚೀಲದ ಆಮ್ಲ ಇಳಿಸಿ ಕೆಲಸ ಕೆಡಿಸುತ್ತದೆ. ಕೀಮೋ ಜೊತೆ ಕೊಟ್ಟಾಗ ಫಲ ಕೆಲವೆಡೆ ಕಂಡಿತು, ಕೆಲವೆಡೆ ಇಲ್ಲ. ಔಷಧಿಗೆ ಗಡ್ಡೆಯ ಕೋಶ ಯಾವುದು, ಅದರ ಮೇಲೆ ದಾಳಿ ಮಾಡಬೇಕಾದ ಬಿಳಿ ರಕ್ತಕಣ ಯಾವುದು ಅಂತ ಗೊತ್ತಾಗುವುದಿಲ್ಲವಲ್ಲ. ಎರಡರ ಚೀಲವನ್ನೂ ಕೆಡಿಸುತ್ತದೆ.